ಜೈಲಿನ ದಿನಕ್ಕೆ ದರಪಟ್ಟಿ ಇಲ್ಲ

ಕಕ್ಕಡ, ಅಂದರೆ ಜುಲೈ-ಆಗಸ್ಟ್‌ನ ಮಳೆಯ ಒಂದು ಭಾನುವಾರ ಕೊಡಗಿನ ಸಿದ್ದಾಪುರದ ಶಾಲೆಯೊಂದರ ಹಾಲ್‌ನಲ್ಲಿ, ತಪ್ಪು ಕೇಸಿನಲ್ಲಿ ಜೈಲಿನಲ್ಲಿ ಕಳೆದ ದಿನಗಳ ಪರಿಹಾರದ ಬಗ್ಗೆ ಆಡಿದ ಮಾತು ಇದು. ಅರ್ಧದಲ್ಲಿ ಕರೆಂಟ್ ಹೋಯಿತು, ಮೈಕ್ ನಿಂತಿತು. ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಹಿಂದಿನ ಸಾಲಿನವರಿಗೆ ಏನೂ ಕೇಳಿಸಲಿಲ್ಲವಂತೆ. ಬರೆದು ಕೊಡಿ ಎಂದರು. ಅಲ್ಲಿ ಹೇಳಿದ್ದೂ ಹೇಳಲು ಮರೆತದ್ದೂ ಇಲ್ಲಿ ಬೆರೆತಿವೆ.

ನಾನು ವಕೀಲನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೋರ್ಟ್ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಮೂವತ್ತೊಂದು ವರ್ಷ. ಜಡ್ಜ್ ಸಾಹೇಬರು ತೀರ್ಪು ಓದಿ ಒಳಗೆ ಹೋಗುತ್ತಾರೆ. ವಕೀಲರು ಮುಂದಿನ ಕೇಸಿನ ಫೈಲ್ ಹಿಡಿದು ಓಡುತ್ತಾರೆ. ಎಲ್ಲ ಮುಗಿದ ಮೇಲೆ ಆ ಮನುಷ್ಯ ಬಂದು ನಿಲ್ಲುವುದು ನಮ್ಮ ಟೇಬಲ್ಲಿನ ಮುಂದೆ. ಹಾಗಾಗಿ ನಾನು ಕಂಡದ್ದು ತೀರ್ಪಿನ ಮರುದಿನವನ್ನು.

ಒಬ್ಬರ ಕಥೆ ಹೇಳುತ್ತೇನೆ. ಯಾವ ಊರು, ಯಾವ ಕೋರ್ಟು ಅಂತ ಕೇಳಬೇಡಿ. ತೋಟದ ಲೈನ್ ಮನೆಯಲ್ಲಿದ್ದ ಕೆಲಸಗಾರ. ಕಣದಲ್ಲಿ ಒಣಗಲು ಹಾಕಿದ್ದ ಕರಿಮೆಣಸು ಕಳುವಾಯಿತು ಅಂತ ಕೇಸು. ರಾತ್ರಿ ಟಾರ್ಚ್ ಹಿಡಿದು ಅತ್ತ ಹೋಗಿದ್ದ ಅಂತ ಯಾರೋ ಹೇಳಿದರು, ಅಷ್ಟೆ. ಒಂದು ತಿಂಗಳಿಗೇ ಜಾಮೀನು ಸಿಕ್ಕಿತು. ಆದರೆ ಶೂರಿಟಿ ಕೊಡುವವರು ಬೇಕಲ್ಲ. ಶೂರಿಟಿಗೆ ಬರುವವನ ಕೈಯಲ್ಲಿ ಆರ್‌ಟಿಸಿ, ಅಂದರೆ ಜಮೀನಿನ ಪಹಣಿ ಇರಬೇಕು. ಲೈನ್ ಮನೆಯವರಿಗೆ ಆರ್‌ಟಿಸಿ ಎಲ್ಲಿಂದ ಬರಬೇಕು? ಜಾಮೀನು ಕಾಗದದಲ್ಲಿ ಉಳಿಯಿತು, ಮನುಷ್ಯ ಒಳಗೇ ಉಳಿದ. ಹನ್ನೊಂದು ತಿಂಗಳ ಮೇಲೆ ವಿಚಾರಣೆ ನಡೆದಾಗ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ್ದ ಪಂಚರಿಬ್ಬರೂ ಕಟಕಟೆಯಲ್ಲಿ ನಿಂತು, ‘ನಾವು ಆ ಜಾಗಕ್ಕೆ ಹೋಗೇ ಇಲ್ಲ, ಸ್ಟೇಷನ್‌ನಲ್ಲಿ ಸಹಿ ಹಾಕಿದೆವು’ ಎಂದರು. ಬಿಡುಗಡೆ ಆಯಿತು.

ಮಾರನೆಯ ವಾರ ಆತ ನಮ್ಮ ಆಫೀಸಿಗೆ ಬಂದರು. ಮುದ್ದೆಮಾಲು, ಅಂದರೆ ಕೇಸಿನಲ್ಲಿ ಪೊಲೀಸರು ವಶಪಡಿಸಿಕೊಂಡಿದ್ದ ಸಾಮಾನು ವಾಪಸ್ ಬೇಕಿತ್ತು. ಒಂದು ಟಾರ್ಚ್, ಒಂದು ಗೋಣಿಚೀಲ. ರಿಜಿಸ್ಟರ್ ತೆಗೆದೆ, ಚೀಟಿ ಕಟ್ಟಿದ್ದ ಟಾರ್ಚ್ ಹುಡುಕಿಸಿದೆ. ಸೆಲ್ ಒಳಗೇ ಸೋರಿ, ಹಸಿರು ಪುಡಿ ಕಟ್ಟಿತ್ತು. ಆತ ಸಹಿ ಹಾಕಿದರು. ಆಮೇಲೆ ಅಲ್ಲೇ ನಿಂತು, ‘ಸಾರ್, ನನ್ನ ಹನ್ನೊಂದು ತಿಂಗಳು ಯಾವ ಕೌಂಟರಿನಲ್ಲಿ ಕೊಡ್ತಾರೆ?’ ಎಂದರು.

ಪಕ್ಕದಲ್ಲಿದ್ದ ಹೊಸ ಹುಡುಗ ನಕ್ಕ. ತಮಾಷೆ ಅಂದುಕೊಂಡ, ಪಾಪ. ಆತ ನಿಜವಾಗಿಯೇ ಕೇಳಿದ್ದರು. ಟಾರ್ಚ್ ವಾಪಸ್ ಕೊಡುವ ಸರ್ಕಾರ ದಿನಗಳನ್ನೂ ವಾಪಸ್ ಕೊಡಬೇಕು ತಾನೇ? ಹೀಗೆ ಯೋಚಿಸಿದರೆ ತಪ್ಪೇನು? ಆ ಕೌಂಟರ್ ಇಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ‘ವಕೀಲರನ್ನು ಕೇಳಿ’ ಎಂದುಬಿಟ್ಟೆ. ಉತ್ತರ ಇಲ್ಲದಾಗ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಅದು.

ಇಲ್ಲಿ ಕುಳಿತವರಲ್ಲಿ ಅರ್ಧಕ್ಕರ್ಧ ಜನರ ತೋಟಕ್ಕೆ ಆನೆ ಬಂದಿರುತ್ತದೆ. ಗಿಡ ಮುರಿದರೆ ಏನು ಮಾಡುತ್ತೀರಿ? ಫೋಟೋ ತೆಗೆದು ಅರಣ್ಯ ಇಲಾಖೆಗೆ ಅರ್ಜಿ ಹಾಕುತ್ತೀರಿ. ಕಾಫಿ ಗಿಡಕ್ಕೆ ಇಷ್ಟು, ಬಾಳೆಗೆ ಇಷ್ಟು, ಅಡಿಕೆಗೆ ಇಷ್ಟು ಅಂತ ಸರ್ಕಾರಿ ಆದೇಶದಲ್ಲೇ ದರ ಇದೆ. ಆ ದರ ಯಾವ ಮೂಲೆಗೂ ಸಾಲದು ಅಂತ ನೀವು ಬೈಯುತ್ತೀರಿ. ನಾನೂ ಬೈದಿದ್ದೇನೆ. ಆದರೆ ಬೈಯಲಿಕ್ಕೆ ಒಂದು ದರ ಅಂತ ಇದೆ. ತಪ್ಪು ಕೇಸಿನಲ್ಲಿ ಒಳಗೆ ಕಳೆದ ದಿನಕ್ಕೆ ಆ ಥರ ಒಂದು ಪಟ್ಟಿಯೇ ಇಲ್ಲ. ಇಂದಿನ ನನ್ನ ತಕರಾರು ಇಷ್ಟೇ.

ನಮ್ಮ ಜಿಲ್ಲೆಯದೇ ಒಂದು ಕೇಸು ನಿಮಗೆಲ್ಲ ಗೊತ್ತಿದೆ, ಟಿವಿಯಲ್ಲಿ ದಿನಗಟ್ಟಲೆ ಬಂತು. ಹೆಸರು ಬೇಡ, ಆ ಹೆಸರನ್ನು ಹೇಳಿ ಹೇಳಿ ಊರಿಗೇ ಸಾಕಾಗಿದೆ. ಕುಶಾಲನಗರದ ಕಡೆಯ ಗಿರಿಜನ ಕೂಲಿಕಾರರೊಬ್ಬರು. 2020ರಲ್ಲಿ ಹೆಂಡತಿ ಕಾಣೆಯಾಗಿದ್ದಾರೆ ಅಂತ ತಾವೇ ಹೋಗಿ ದೂರು ಕೊಟ್ಟವರು. ಪಕ್ಕದ ಮೈಸೂರು ಜಿಲ್ಲೆಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ನಿನ್ನ ಹೆಂಡತಿಯದು, ಕೊಂದವನು ನೀನು ಅಂತ ಕೇಸಾಯಿತು. ಮೂಳೆಯ ಡಿಎನ್‌ಎ ಹೊಂದಲಿಲ್ಲ. ಆದರೂ ಕೇಸು ನಿಲ್ಲಲಿಲ್ಲ. ಒಂದೂವರೆ-ಎರಡು ವರ್ಷ ಒಳಗಿದ್ದು ಜಾಮೀನಿನ ಮೇಲೆ ಹೊರಬಂದರು. 2025ರ ಏಪ್ರಿಲ್‌ನಲ್ಲಿ, ಆ ‘ಸತ್ತ’ ಹೆಂಡತಿಯನ್ನು ಗುರುತಿನವರು ಮಡಿಕೇರಿಯ ಹೋಟೆಲೊಂದರಲ್ಲಿ ಕಂಡರು!

ಮೈಸೂರಿನ ಸೆಷನ್ಸ್ ಕೋರ್ಟ್ ಅವರನ್ನು ಗೌರವದಿಂದ ಬಿಡುಗಡೆ ಮಾಡಿತು. 1 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಗೃಹ ಇಲಾಖೆಗೆ ಹೇಳಿತು. ಅವರು 5 ಕೋಟಿ ಕೇಳಿ ಹೈಕೋರ್ಟಿಗೆ ಹೋದರು. ಆಗ ನಮ್ಮ ಕಾಫಿ ಕ್ಲಬ್ಬುಗಳಲ್ಲಿ ನಡೆದ ಮಾತು ನೆನಪಿದೆಯಾ? ‘5 ಕೋಟಿಯಂತೆ, ಆಸೆ ನೋಡು.’ ನನ್ನ ಎದುರಿಗೇ ಒಬ್ಬರು ಹೇಳಿದರು. ಹಾಗಾದರೆ ಎಷ್ಟು ಕೇಳಬೇಕಿತ್ತು ಸ್ವಾಮಿ ಎಂದೆ. ಅವರ ಹತ್ತಿರ ಉತ್ತರ ಇರಲಿಲ್ಲ. ಯಾರ ಹತ್ತಿರವೂ ಇಲ್ಲ, ಯಾಕೆಂದರೆ ಲೆಕ್ಕ ಹಾಕುವ ಸೂತ್ರವೇ ಇಲ್ಲ.

ಈ ಕೇಸಿನಲ್ಲಿ ನನ್ನನ್ನು ಇನ್ನೊಂದು ವಿಷಯ ಕಾಡುತ್ತದೆ. ಆ ಮೂಳೆ ಯಾರದು? ಯಾವುದೋ ಮನೆಯಲ್ಲಿ ಯಾರೋ ಒಬ್ಬಾಕೆಗಾಗಿ ಕಾಯುತ್ತಿರಬಹುದು. ಅದರ ತನಿಖೆಗೆ ಹೋಗಬೇಕಿದ್ದ ವರ್ಷಗಳೆಲ್ಲ ಈ ಮನುಷ್ಯನ ಮೇಲೆ ಖರ್ಚಾದವು.

ಗುಮಾಸ್ತನ ಬುದ್ಧಿ, ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ. ಒಂದು ಹಳೇ ಡೈರಿಯಲ್ಲಿ ಸುಮ್ನೆ ಬರೆದುಕೊಂಡಿದ್ದೇನೆ. ಕೊಟ್ಟ ಹಣವನ್ನು ಜೈಲಿನ ದಿನಗಳಿಂದ ಭಾಗಿಸಿದ ಲೆಕ್ಕ.

ಮೊದಲನೆಯದು ಬಿಹಾರದ ರುದುಲ್ ಸಾ ಕೇಸು. ಕಾನೂನು ಓದುವ ಮಕ್ಕಳಿಗೆಲ್ಲ ಪಾಠದಲ್ಲಿ ಬರುತ್ತದೆ. 1968ರಲ್ಲಿ ಕೋರ್ಟ್ ಬಿಡುಗಡೆ ಎಂದಿತ್ತು. ಜೈಲಿನಿಂದ ಹೊರಗೆ ಬಿಟ್ಟದ್ದು 1982ರಲ್ಲಿ. ನಿರ್ದೋಷಿ ಅಂತ ಆದ ಮೇಲೆ 14 ವರ್ಷ! ಆತನಿಗೆ ಬುದ್ಧಿ ಸರಿ ಇರಲಿಲ್ಲ, ಅದಕ್ಕೇ ಇಟ್ಟುಕೊಂಡಿದ್ದೆವು ಎಂದಿತು ಸರ್ಕಾರ. ಅದಕ್ಕೆ ಒಂದು ನೆಟ್ಟಗಿನ ದಾಖಲೆ ತೋರಿಸಲು ಆಗಲಿಲ್ಲ. 1983ರಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ್ದು, ಮೊದಲೇ ಕೊಟ್ಟಿದ್ದ 5,000 ಸೇರಿ, ಒಟ್ಟು 35,000 ರೂಪಾಯಿ. ದಿನಕ್ಕೆ 7 ರೂಪಾಯಿಯೂ ಬೀಳುವುದಿಲ್ಲ. 1983ರ ರೂಪಾಯಿ ಬೇರೆ, ಇಂದಿನ ರೂಪಾಯಿ ಬೇರೆ, ಒಪ್ಪುತ್ತೇನೆ. ಆದರೂ 7 ರೂಪಾಯಿ. ಆದರೆ ಸಂವಿಧಾನದ ಹಕ್ಕಿಗೆ ಪೆಟ್ಟು ಬಿದ್ದರೆ ಕೋರ್ಟೇ ನೇರವಾಗಿ ಹಣ ಕೊಡಿಸಬಹುದು ಎಂಬ ಬಾಗಿಲು ತೆರೆದದ್ದು ಆ ಕೇಸೇ.

ಎರಡನೆಯದು ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರದ್ದು. 1994ರಲ್ಲಿ ಗೂಢಚಾರಿಕೆಯ ಸುಳ್ಳು ಕೇಸು, ಸುಮಾರು 50 ದಿನ ಜೈಲು. ಕೇಸಿನಲ್ಲಿ ಹುರುಳಿಲ್ಲ ಅಂತ ಸಿಬಿಐ 1996ರಲ್ಲೇ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ಕೊಡಿಸಿತು. ಆಮೇಲೆ ಕೇರಳ ಸರ್ಕಾರ ಇನ್ನೂ 1 ಕೋಟಿ 30 ಲಕ್ಷ ಕೊಟ್ಟಿತು. ಅವರಿಗೆ ಜಾಸ್ತಿ ಆಯಿತು ಅಂತ ನಾನು ಹೇಳುತ್ತಿಲ್ಲ. ಹೋದದ್ದು ಬರೀ 50 ದಿನವಲ್ಲ, ಒಂದು ವೃತ್ತಿ, ಒಂದು ಮರ್ಯಾದೆ, 24 ವರ್ಷ. ಸುಪ್ರೀಂ ಕೋರ್ಟಿನ ಹಣವನ್ನಷ್ಟೇ ಲೆಕ್ಕ ಹಾಕಿದರೂ ಜೈಲಿನ ದಿನಕ್ಕೆ 1 ಲಕ್ಷ ಬೀಳುತ್ತದೆ.

ಮೂರನೆಯದು ಮಹಾರಾಷ್ಟ್ರದ ಆರು ಅಲೆಮಾರಿ ಕೂಲಿಕಾರರದ್ದು. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಕೊಲೆ, ಅತ್ಯಾಚಾರದ ಕೇಸು. ಹೈಕೋರ್ಟ್ ಮೂವರ ಗಲ್ಲನ್ನು ಜೀವಾವಧಿಗೆ ಇಳಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್, ಇಲ್ಲ, ಆರೂ ಜನರಿಗೂ ಗಲ್ಲೇ ಎಂದಿತು. ಹತ್ತು ವರ್ಷದ ಮೇಲೆ, 2019ರ ಮಾರ್ಚ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಆರೂ ಜನರನ್ನು ಬಿಟ್ಟಿತು. ಯಾಕೆ ಗೊತ್ತಾ? ಬದುಕುಳಿದ ಕಣ್ಣಾರೆ ಕಂಡ ಸಾಕ್ಷಿ ಶುರುವಿನಲ್ಲೇ ಪೊಲೀಸರ ಫೋಟೋ ಆಲ್ಬಮ್ ನೋಡಿ ಬೇರೆ ನಾಲ್ಕು ಜನರನ್ನು ಗುರುತಿಸಿದ್ದರು. ಆ ಸಂಗತಿಯನ್ನು ಮುಚ್ಚಿಡಲಾಗಿತ್ತು. 16 ವರ್ಷ ಜೈಲು. ತಲಾ 5 ಲಕ್ಷ ಪರಿಹಾರ. ದಿನಕ್ಕೆ ಸುಮಾರು 85 ರೂಪಾಯಿ. ಅದೂ ಗಲ್ಲಿನ ಹಗ್ಗದ ಕೆಳಗೆ ಕಳೆದ ದಿನಗಳು.

ನಮ್ಮ ಕುಶಾಲನಗರದ ಕಡೆಯವರದ್ದು ದಿನಕ್ಕೆ 150ರ ಆಚೀಚೆ ಬರುತ್ತದೆ. ಆ ದುಡ್ಡಿಗೆ ಇವತ್ತು ತೋಟಕ್ಕೆ ಆಳು ಬರುತ್ತಾರಾ?

ಸೊನ್ನೆ ಬಂದ ಲೆಕ್ಕವೂ ಇದೆ. ಅಕ್ಷರಧಾಮ ದಾಳಿಯ ಕೇಸಿನಲ್ಲಿ ಆರು ಜನರನ್ನು ಸುಪ್ರೀಂ ಕೋರ್ಟ್ 2014ರಲ್ಲಿ ನಿರ್ದೋಷಿಗಳೆಂದು ಬಿಟ್ಟಿತು. ವರ್ಷಗಟ್ಟಲೆ ಒಳಗಿದ್ದವರು ಪರಿಹಾರ ಕೇಳಿದಾಗ, 2016ರಲ್ಲಿ, ಆಗುವುದಿಲ್ಲ ಎಂದಿತು. ಬಿಡುಗಡೆಯಾದವರಿಗೆಲ್ಲ ಪರಿಹಾರ ಅಂತ ಶುರುವಾದರೆ ಮುಂದೆ ಕಷ್ಟ ಎಂಬ ಅರ್ಥದ ಮಾತು ಅದು. ಕಷ್ಟ ಯಾರಿಗೆ ಅಂತ ಕೇಳಬೇಕು ಅನ್ನಿಸುತ್ತದೆ. ಕೇಳಲು ನನಗೆ ಈಗ ಪೆನ್ಶನ್ ಇದೆ, ಧೈರ್ಯ ಇದೆ.

7 ರೂಪಾಯಿ, 85 ರೂಪಾಯಿ, 1 ಲಕ್ಷ, ಸೊನ್ನೆ. ಯಾವ ಬೆಂಚ್ ಸಿಕ್ಕಿತು, ಯಾವ ವಕೀಲರು ಸಿಕ್ಕರು, ಪತ್ರಿಕೆಯವರು ಎಷ್ಟು ಬರೆದರು, ಅದರ ಮೇಲೆ ಹೋಗುತ್ತದೆ. ಲಾಟರಿ ಅಂತ ಬಾಯಿಬಿಟ್ಟು ಹೇಳಿದರೆ ಕೆಲವರಿಗೆ ಕೋಪ ಬರಬಹುದು.

ಕಾನೂನಿನಲ್ಲಿ ಏನೂ ಇಲ್ಲವಾ ಅಂತ ಕೇಳಿದರೆ, ಇದೆ. ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 399ನೇ ಕಲಂ ನೋಡಿ. ಕಾರಣವಿಲ್ಲದೆ ಯಾರನ್ನಾದರೂ ಬಂಧಿಸುವಂತೆ ಮಾಡಿದರೆ ಪರಿಹಾರ, ಹೆಚ್ಚೆಂದರೆ 1,000 ರೂಪಾಯಿ. ಅದನ್ನೂ ಕೊಡಬೇಕಾದವರು ಸರ್ಕಾರದವರಲ್ಲ, ಬಂಧನ ಮಾಡಿಸಿದವರು. 2024ರಲ್ಲಿ ಇಡೀ ಕಾನೂನಿನ ಹೆಸರೇ ಬದಲಾಯಿತು, ನಂಬರುಗಳು ಬದಲಾದವು. ಆ 1,000 ಮಾತ್ರ ಅಲ್ಲಾಡಲಿಲ್ಲ.

1979ರಲ್ಲಿ ಭಾರತ ಒಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದ. ಸೇರುವಾಗಲೇ, ಕಾನೂನುಬಾಹಿರ ಬಂಧನಕ್ಕೆ ಪರಿಹಾರ ಕೇಳುವ ಹಕ್ಕು ನಮ್ಮಲ್ಲಿ ಇಲ್ಲ, ಆ ಮಾತೊಂದನ್ನು ಬಿಟ್ಟು ಉಳಿದದ್ದಕ್ಕೆ ಒಪ್ಪಿಗೆ ಅಂತ ಬರೆದುಕೊಟ್ಟಿತು. ಮದುವೆ ಊಟಕ್ಕೆ ಬರುತ್ತೇನೆ, ಮುಯ್ಯಿ ಮಾತ್ರ ಕೇಳಬೇಡಿ ಎಂದ ಹಾಗೆ.

2017ರಲ್ಲಿ ದೆಹಲಿ ಹೈಕೋರ್ಟ್ ಈ ವಿಷಯ ಎತ್ತಿತು. ಕಾನೂನು ಆಯೋಗ ಕೂತು 2018ರಲ್ಲಿ 277ನೇ ವರದಿ ಕೊಟ್ಟಿತು. ಜಿಲ್ಲೆಗೊಂದು ವಿಶೇಷ ಕೋರ್ಟ್ ಇರಲಿ, ತಪ್ಪು ಕೇಸಿಗೆ ಸಿಕ್ಕಿದವರು ಅಲ್ಲಿ ಪರಿಹಾರ ಕೇಳಲಿ ಎಂದಿತು. ಒಳ್ಳೆಯ ವರದಿ. ಸಂಸತ್ತು ಅದನ್ನು ಕಾನೂನು ಮಾಡಲಿಲ್ಲ. 2025ರ ಜುಲೈನಲ್ಲಿ ಗಲ್ಲಾಗಿದ್ದ ಒಬ್ಬರನ್ನು ಬಿಡುಗಡೆ ಮಾಡುವಾಗ ಸುಪ್ರೀಂ ಕೋರ್ಟ್ ಮತ್ತೆ ಇದನ್ನೇ ನೆನಪಿಸಿತು, ತೀರ್ಮಾನ ಸಂಸತ್ತಿಗೆ ಬಿಟ್ಟದ್ದು ಎಂದಿತು. ಆ ವರದಿಯ ಮೇಲೂ ನನ್ನದೊಂದು ಗೊಣಗಾಟ ಇದೆ. ಪೊಲೀಸರು ಅಥವಾ ಸರ್ಕಾರಿ ವಕೀಲರು ಬೇಕಂತಲೇ, ಇಲ್ಲವೇ ಸದ್ಭಾವನೆಯಿಲ್ಲದೆ ತಪ್ಪು ಮಾಡಿದರು ಅಂತ ತೋರಿಸಿದರೆ ಮಾತ್ರ ಅಲ್ಲಿ ಪರಿಹಾರ. ಪ್ರಾಮಾಣಿಕವಾಗಿ ತಪ್ಪು ಮಾಡಿದ್ದರೆ? ಒಳಗಿದ್ದವನಿಗೆ ದಿನ ಹೋದದ್ದು ಹೋದದ್ದೇ ಅಲ್ವಾ. ಆನೆ ಬೇಕಂತಲೇ ಗಿಡ ಮುರಿಯಿತಾ ಅಂತ ಅರಣ್ಯ ಇಲಾಖೆಯವರು ಕೇಳುತ್ತಾರಾ?

ಈ ವಿಷಯದಲ್ಲಿ ಜಪಾನ್ ನನಗೆ ಹಿಡಿಸಿತು. ಅಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡಬೇಕಾಗಿಲ್ಲ. ಬಿಡುಗಡೆ ಆಯಿತಾ, ಒಳಗಿದ್ದ ದಿನ ಎಣಿಸಿ. ದಿನಕ್ಕೆ ಗರಿಷ್ಠ 12,500 ಯೆನ್ ಅಂತ ಕಾನೂನಿನಲ್ಲೇ ಬರೆದಿದೆ. ಇವಾವೊ ಹಕಮಡ ಅಂತ ಒಬ್ಬರು, ಮೊದಲು ಬಾಕ್ಸರ್ ಆಗಿದ್ದವರು, ಮಿಸೊ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮಿಸೊ ಅಂದರೆ ಸೋಯಾ ಕಾಳು ಹುದುಗಿಸಿ ಮಾಡುವ ಗಟ್ಟಿ ಪೇಸ್ಟ್. 1966ರಲ್ಲಿ ಕಾರ್ಖಾನೆಯ ಮೇಲಧಿಕಾರಿಯ ಮನೆಯ ನಾಲ್ವರ ಕೊಲೆ ಆಯಿತು, ಇವರನ್ನು ಹಿಡಿದರು. ಒಂದು ವರ್ಷದ ಮೇಲೆ ಮಿಸೊ ತೊಟ್ಟಿಯಲ್ಲಿ ರಕ್ತದ ಬಟ್ಟೆ ಸಿಕ್ಕಿತು ಎಂದರು. ರಕ್ತದ ಕಲೆ ಕೆಂಪಗೇ ಇತ್ತು. 1968ರಲ್ಲಿ ಗಲ್ಲು ಶಿಕ್ಷೆ.

ನಿಮ್ಮ ಮನೆಯ ಉಪ್ಪಿನಕಾಯಿ ಭರಣಿಯಲ್ಲಿ ಒಂದು ಬಟ್ಟೆ ತುಂಡು ವರ್ಷ ಇಟ್ಟು ನೋಡಿ. ಬಣ್ಣ ಹಾಗೇ ಇರುತ್ತದಾ? ಇದೇ ಪ್ರಶ್ನೆ ಅವರನ್ನು ಉಳಿಸಿತು. ವರ್ಷ ಮಿಸೊದಲ್ಲಿದ್ದ ರಕ್ತ ಕಪ್ಪಾಗಬೇಕಿತ್ತು ಅಂತ ಪ್ರಯೋಗ ಮಾಡಿ ತೋರಿಸಿದರು. ಅಕ್ಕ ಹಿಡೆಕೊ ತಮ್ಮನಿಗಾಗಿ ಹೋರಾಡುತ್ತಾ ತೊಂಬತ್ತು ದಾಟಿದರು. 2014ರಲ್ಲಿ ಹೊರಗೆ ಬಿಟ್ಟರು. 2024ರ ಸೆಪ್ಟೆಂಬರ್‌ನಲ್ಲಿ, ಸಾಕ್ಷ್ಯವನ್ನು ಸೃಷ್ಟಿಸಿದ್ದರು ಅಂತ ಹೇಳಿ ಕೋರ್ಟ್ ನಿರ್ದೋಷಿ ಎಂದಿತು. 2025ರ ಮಾರ್ಚ್‌ನಲ್ಲಿ ಪರಿಹಾರದ ಆದೇಶವಾಯಿತು. 47 ವರ್ಷಕ್ಕೂ ಹೆಚ್ಚು ಕಾಲ, ದಿನಕ್ಕೆ ಗರಿಷ್ಠ ದರ, ಒಟ್ಟು 21 ಕೋಟಿ 70 ಲಕ್ಷ ಯೆನ್‌ಗೂ ಜಾಸ್ತಿ. ನಮ್ಮ ದುಡ್ಡಿನಲ್ಲಿ ಸುಮಾರು 12 ಕೋಟಿ. ಆ ಹೊತ್ತಿಗೆ ಅವರಿಗೆ 89. ಒಂಟಿ ಕೋಣೆಯಲ್ಲಿ, ಇವತ್ತು ಗಲ್ಲೋ ನಾಳೆ ಗಲ್ಲೋ ಅಂತ ಕಾದು ಕಾದು ಮನಸ್ಸು ಯಾವಾಗಲೋ ಕೆಟ್ಟಿತ್ತು. ದರಪಟ್ಟಿಯಿಂದ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಇಂಗ್ಲೆಂಡಿನವರದ್ದು ಇನ್ನೊಂದು ತಮಾಷೆ. ಅಲ್ಲಿ ಪರಿಹಾರ ಕೊಡುವಾಗ ಜೈಲಿನಲ್ಲಿ ಉಳಿದ ಊಟ-ವಸತಿಯ ಖರ್ಚನ್ನು ಮುರಿದುಕೊಳ್ಳುತ್ತಿದ್ದರು. ಹೊರಗಿದ್ದಿದ್ದರೆ ಬಾಡಿಗೆ ಕಟ್ಟಬೇಕಿತ್ತಲ್ಲ, ಅದು ಉಳಿಯಿತಲ್ಲ ಅಂತ! ಆಂಡ್ರ್ಯೂ ಮಾಲ್ಕಿನ್ಸನ್ ಎಂಬುವರು ಮಾಡದ ತಪ್ಪಿಗೆ 17 ವರ್ಷ ಒಳಗಿದ್ದು 2023ರಲ್ಲಿ ನಿರ್ದೋಷಿ ಎನಿಸಿಕೊಂಡಾಗ ಈ ನಿಯಮ ಎಲ್ಲರ ಬಾಯಿಗೆ ಬಿತ್ತು. ಅದೇ ಆಗಸ್ಟ್‌ನಲ್ಲಿ ತೆಗೆದುಹಾಕಿದರು.

ಅಲ್ಲಿಯದೇ ಪೋಸ್ಟಾಫೀಸಿನ ಕಥೆ ಇನ್ನೂ ದೊಡ್ಡದು. ಹೊರೈಝನ್ ಅಂತ ಒಂದು ಕಂಪ್ಯೂಟರ್ ವ್ಯವಸ್ಥೆ. ಅದು ಲೆಕ್ಕದಲ್ಲಿ ಹಣ ಕಡಿಮೆ ತೋರಿಸಿತು. ಕದ್ದಿದ್ದೀರಿ ಅಂತ ಹಳ್ಳಿ ಪೋಸ್ಟ್‌ಮಾಸ್ಟರುಗಳ ಮೇಲೆ ಕೇಸು ಹಾಕುತ್ತಾ ಹೋದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ತಪ್ಪು ಕಂಪ್ಯೂಟರಿನದ್ದಾಗಿತ್ತು. ಕೊನೆಗೆ 2024ರಲ್ಲಿ ಒಂದು ಕಾನೂನೇ ತಂದು ನೂರಾರು ಜನರ ಶಿಕ್ಷೆಯನ್ನು ಒಟ್ಟಿಗೇ ರದ್ದು ಮಾಡಿದರು. ಅಲ್ಲಿ ಎಷ್ಟೋ ಜನ ‘ತಪ್ಪಾಯಿತು’ ಅಂತ ಒಪ್ಪಿಕೊಂಡಿದ್ದರು. ಒಪ್ಪಿದರೆ ಜೈಲು ತಪ್ಪುತ್ತದೆ ಎಂಬ ಆಸೆಗೆ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ತಪ್ಪು ಶಿಕ್ಷೆ ಅಂದರೆ ನಮ್ಮ ತಲೆಗೆ ಬರುವುದು ಕೊಲೆ ಕೇಸು. ನಾನು ಕಣ್ಣಾರೆ ಕಂಡದ್ದು ಸಣ್ಣ ಕೇಸುಗಳಲ್ಲಿ. ಕಟಕಟೆಯಲ್ಲಿ ಒಬ್ಬ ನಿಂತಿರುತ್ತಾನೆ. ಗಿರಿಜನ ಯರವರೋ, ಕುರುಬರೋ, ಈಗ ಅಸ್ಸಾಮಿನಿಂದ ಬಂದ ಹುಡುಗನೋ. ಆರೋಪ ಓದುತ್ತಾರೆ. ‘ತಪ್ಪು ಒಪ್ಕೊಳ್ತೀಯಾ?’ ಅವನಿಗೆ ಕನ್ನಡವೇ ಅರ್ಧಂಬರ್ಧ, ಅದರಲ್ಲಿ ಕೋರ್ಟಿನ ಕನ್ನಡ! ಆದರೂ ಒಂದು ಮಾತು ಅವನಿಗೆ ಚೆನ್ನಾಗಿ ಗೊತ್ತು, ಜೈಲಿನಲ್ಲಿ ಯಾರೋ ಹೇಳಿಕೊಟ್ಟಿರುತ್ತಾರೆ. ಒಪ್ಪಿಕೊಂಡರೆ, ಈಗಾಗಲೇ ಒಳಗಿದ್ದ ದಿನವನ್ನೇ ಶಿಕ್ಷೆ ಅಂತ ಲೆಕ್ಕಕ್ಕೆ ಹಿಡಿದು ಬಿಡುತ್ತಾರೆ. ಇಲ್ಲ ಎಂದರೆ ಸಾಕ್ಷಿ, ವಾಯಿದೆ, ಮತ್ತೆ ವಾಯಿದೆ. ಹೂಂ ಅಂದರೆ ಸಾಯಂಕಾಲ ಮನೆ. ಅವನು ಹೂಂ ಅನ್ನುತ್ತಾನೆ. ನಾನು ಬರೆದುಕೊಳ್ಳುತ್ತೇನೆ. ಎಷ್ಟು ಹೂಂ ಬರೆದಿದ್ದೇನೋ, ಲೆಕ್ಕವಿಲ್ಲ.

ಹಾಗೆ ಒಪ್ಪಿಕೊಂಡ ಮೇಲೆ ಮೇಲ್ಮನವಿಗೂ ದಾರಿ ಮುಚ್ಚಿದ ಹಾಗೆಯೇ. ಶಿಕ್ಷೆ ಜಾಸ್ತಿ ಆಯಿತು ಅಂತ ಕೇಳಬಹುದು, ನಾನು ಮಾಡಿಲ್ಲ ಅಂತ ಕೇಳಲು ಆಗುವುದಿಲ್ಲ. ಮುಂದಿನ ಸಲ ಎಲ್ಲಾದರೂ ಕಳವಾದರೆ ಪೊಲೀಸರು ಮೊದಲು ಬರುವುದು ಅವನ ಲೈನ್ ಮನೆಗೆ. ಹಳೇ ಕೇಸು ಇದೆಯಲ್ಲ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 100 ಜನರಲ್ಲಿ 75ಕ್ಕೂ ಹೆಚ್ಚು ಜನ ವಿಚಾರಣೆ ಮುಗಿಯದವರು. ಅಂಥ ಜಾಗದಲ್ಲಿ ಹೂಂ ಅನ್ನುವ ಒತ್ತಡ ಎಷ್ಟಿರಬಹುದು ನೀವೇ ಯೋಚಿಸಿ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಗಾದೆ. ಹೂಂ ಅಂದವನನ್ನು ಆ ಗಾದೆ ಲೆಕ್ಕಕ್ಕೇ ಹಿಡಿದಿಲ್ಲ.

ಕರೆಂಟ್ ಹೋದದ್ದು ಈ ಹೊತ್ತಿಗೆ. ಮುಂದಿನದ್ದು ಮುಂದಿನ ಸಾಲಿನವರಿಗೆ ಮಾತ್ರ ಕೇಳಿಸಿದ್ದು, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ನಿಮ್ಮ ತೋಟದವರು, ನೆಂಟರು ಯಾರಾದರೂ ಹೀಗೆ ಬಿಡುಗಡೆ ಆಗಿ ಬಂದರೆ ಮೊದಲು ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿ. ಜೈಲಿಗೆ ಹೋದ ದಿನ, ಬಿಟ್ಟ ದಿನ ಬರೆದ ಕಾಗದ ಜೈಲಿನಿಂದಲೇ ಬರೆಸಿಕೊಳ್ಳಿ. ತೀರ್ಪಿನಲ್ಲಿ ಏನು ಬರೆದಿದೆ ಅಂತ ಓದಿಸಿ. ‘ಸಂಶಯದ ಲಾಭ ಕೊಟ್ಟು’ ಎಂದಿದ್ದರೆ ದಾರಿ ಸ್ವಲ್ಪ ಕಡಿದು. ‘ಆರೋಪವೇ ಸುಳ್ಳು’ ಎಂಬ ಧಾಟಿಯಲ್ಲಿದ್ದರೆ ಕೈ ಬಲ. ದುರುದ್ದೇಶದಿಂದ ಕೇಸು ಹಾಕಿದರು ಅಂತ ಸಿವಿಲ್ ದಾವೆ ಹೂಡಬಹುದು. ಕಾರಣವೂ ಇರಲಿಲ್ಲ, ದ್ವೇಷವೂ ಇತ್ತು ಅಂತ ಎರಡನ್ನೂ ನೀವೇ ಸಾಬೀತು ಮಾಡಬೇಕು, ಸುಲಭವಲ್ಲ. ಮುಖ್ಯವಾದದ್ದು ದಾವೆ ಹೂಡುವ ಗಡುವು. ಬಿಡುಗಡೆಯಾದ ದಿನದಿಂದ ಒಂದೇ ವರ್ಷ. ಅದು ದಾಟಿದರೆ ಆ ದಾವೆ ಮುಗಿಯಿತು. ಹೊರಬಂದವನು ಆ ವರ್ಷವೆಲ್ಲ ಸಾಲ ತೀರಿಸುವುದರಲ್ಲಿ, ಮಕ್ಕಳಿಗೆ ತನ್ನ ಗುರುತು ಹೇಳುವುದರಲ್ಲಿ ಇರುತ್ತಾನೆ. ಇದು ಅವನಿಗೆ ಯಾರು ಹೇಳಬೇಕು?

ದಾವೆಗೆ ದುಡ್ಡಿಲ್ಲ ಅನ್ನಬೇಡಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ, ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಅದು. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಫೋನ್ ಮಾಡುವುದಾದರೆ 15100.

ಭಾಷಣ ಮುಗಿದು ಕಾಫಿ ಕುಡಿಯುವಾಗ ಒಬ್ಬರು ಹತ್ತಿರ ಬಂದರು. ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವವರು, ವಯಸ್ಸಾದವರು. ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ನಾಲ್ಕು ಮಡಿಕೆಯ ಜೆರಾಕ್ಸ್. ‘ನಮ್ಮ ಲೈನಿನ ಹುಡುಗನದ್ದು ಸಾರ್, ಬಿಟ್ಟಿದ್ದಾರೆ. ಒಂದು ವರ್ಷ ಅಂದ್ರಲ್ಲ, ಇದಕ್ಕೆ ಟೈಮ್ ಉಂಟಾ ನೋಡಿ’ ಎಂದರು. ಕರೆಂಟ್ ಇನ್ನೂ ಬಂದಿರಲಿಲ್ಲ. ಅವರೇ ಮೊಬೈಲ್ ಬೆಳಕು ಹಿಡಿದರು. ತಾರೀಕು ಹುಡುಕಿ, ಬೆರಳಿನಲ್ಲಿ ಎಣಿಸಿದೆ, ತಪ್ಪಿತೇನೋ ಅಂತ ಇನ್ನೊಂದು ಸಲ ಎಣಿಸಿದೆ. ಹತ್ತೊಂಬತ್ತು ದಿನ ಬಾಕಿ ಇತ್ತು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಅವನನ್ನು ಕರೆದುಕೊಂಡು ಮಡಿಕೇರಿಗೆ ಬನ್ನಿ, ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ ಎಂದೆ.